ಒಮ್ಮೆಗೇ 10 ಕೋಟಿ ಕೇಳಬೇಕೋ, ವರ್ಷಕ್ಕೆ 50 ಲಕ್ಷದಂತೆ 20 ವರ್ಷ ಕೇಳಬೇಕೋ? ಕಲಬುರಗಿಯ ಸಾಂಸ್ಕೃತಿಕ ಅನುದಾನದ ಬಗ್ಗೆ

ಕಾಗಿಣಾ_ದಂಡೆ ಕೇಳಿದ್ದು:

ಕಲಬುರಗಿಯ ನಾಟಕ, ಸಂಗೀತ, ಜನಪದ ಮತ್ತು ಚಿತ್ರಕಲಾ ಸಂಘಗಳು ಸೇರಿ ಸರ್ಕಾರಕ್ಕೊಂದು ಮನವಿ ಸಿದ್ಧಪಡಿಸುತ್ತಿವೆ. ಚರ್ಚೆಯಲ್ಲಿ ಎರಡು ಮಾತು ಬಂದಿವೆ. 10 ಕೋಟಿಯ ಸಾಂಸ್ಕೃತಿಕ ಭವನವೊಂದನ್ನು ಕೇಳೋಣ, ಕಣ್ಣಿಗೆ ಕಾಣುವಂಥದ್ದು ಉಳಿಯುತ್ತದೆ ಅನ್ನುವುದು ಒಂದು. ಭವನ ಬೇಡ, ವರ್ಷಕ್ಕೆ 50 ಲಕ್ಷದಂತೆ 20 ವರ್ಷ ಕೊಡಲಿ, ಲೆಕ್ಕ ಅಷ್ಟೇ ಆಯಿತಲ್ಲ ಅನ್ನುವುದು ಇನ್ನೊಂದು. ಸಂವಿಧಾನದ 371(ಜೆ) ವಿಧಿಯ ಅಡಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಇದೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಹಣವೂ ಇದೆ. ಯಾವುದನ್ನು ಯಾರ ಹತ್ತಿರ, ಹೇಗೆ ಕೇಳಿದರೆ 20 ವರ್ಷ ಆದ ಮೇಲೂ ಊರಲ್ಲಿ ಏನಾದರೂ ಉಳಿದಿರುತ್ತದೆ? ಬಲ್ಲವರು ಬಿಡಿಸಿ ಹೇಳಿ.

---

ಬಜೆಟ್_ಪುಟ:

ಎರಡೂ 10 ಕೋಟಿಯೇ ಆದರೂ ಅವು ಒಂದೇ ಚೀಲದ ಹಣವಲ್ಲ. ಮೊದಲು ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ರಾಜ್ಯ ಬಜೆಟ್‌ನಲ್ಲಿ 4202 ಅನ್ನುವುದು ಶಿಕ್ಷಣ, ಕ್ರೀಡೆ, ಕಲೆ, ಸಂಸ್ಕೃತಿಯ ಬಂಡವಾಳ ವೆಚ್ಚದ ಲೆಕ್ಕ ಶೀರ್ಷಿಕೆ. ಕಟ್ಟಡ ಬರುವುದು ಇಲ್ಲಿಂದ. 2205 ಅನ್ನುವುದು ಕಲೆ ಮತ್ತು ಸಂಸ್ಕೃತಿಯ ರಾಜಸ್ವ ವೆಚ್ಚದ ಶೀರ್ಷಿಕೆ. ಸಂಬಳ, ಸಂಭಾವನೆ, ಗ್ರಂಥಾಲಯ, ವಸ್ತುಸಂಗ್ರಹಾಲಯದ ದಿನದ ಖರ್ಚೆಲ್ಲ ಇಲ್ಲಿಂದ. ಬಂಡವಾಳದ ದುಡ್ಡಿನಿಂದ ಒಬ್ಬ ಲೈಟಿಂಗ್ ಹುಡುಗನಿಗೂ ಸಂಬಳ ಕೊಡಲು ಬರುವುದಿಲ್ಲ. ಎಷ್ಟೋ ಭವನಗಳು ಉದ್ಘಾಟನೆಯಾದ ಎರಡನೇ ವರ್ಷಕ್ಕೆ ಬೀಗ ಹಾಕಿಸಿಕೊಳ್ಳುವುದು ಇದೇ ಕಾರಣಕ್ಕೆ. ಕಟ್ಟುವಾಗ 4202ರಲ್ಲಿ ಹಣ ಇತ್ತು, ನಡೆಸಲು 2205ರಲ್ಲಿ ಯಾರೂ ಒಂದು ಸಾಲು ಬರೆಸಿರಲಿಲ್ಲ.

ಮಂಡಳಿಗೆ 2023-24ರಲ್ಲಿ 5,000 ಕೋಟಿ ಘೋಷಣೆಯಾಯಿತು. ಆದರೆ ಅಲ್ಲಿ ಹಣ ಹರಿಯುವುದು ಹೆಚ್ಚಾಗಿ ಕಾಮಗಾರಿಯ ರೂಪದಲ್ಲಿ: ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ. ಆದ್ದರಿಂದ ಕಟ್ಟಡ ಮತ್ತು ಸಲಕರಣೆಯನ್ನು ಮಂಡಳಿಯ ಹತ್ತಿರ ಕೇಳಿ. ನಡೆಸುವ ಖರ್ಚನ್ನು ಇಲಾಖೆಯ ಹತ್ತಿರ ಕೇಳಿ. ಎರಡೂ ಅರ್ಜಿಯಲ್ಲಿ ಒಂದರ ಪ್ರಸ್ತಾಪ ಇನ್ನೊಂದರಲ್ಲಿರಲಿ. ಆಡಳಿತಾತ್ಮಕ ಅನುಮೋದನೆಯ ಟಿಪ್ಪಣಿಯಲ್ಲೇ "ನಿರ್ವಹಣಾ ವೆಚ್ಚವನ್ನು ಇಂಥ ಶೀರ್ಷಿಕೆಯಿಂದ ಭರಿಸತಕ್ಕದ್ದು" ಅನ್ನುವ ಸಾಲು ಬರುವವರೆಗೆ ಬೆನ್ನು ಬಿಡಬೇಡಿ. ಆಮೇಲೆ ಆ ಸಾಲನ್ನು ಸೇರಿಸಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಇನ್ನು ವರ್ಷಕ್ಕೆ 50 ಲಕ್ಷದ ಮಾತು. ಏರಿಕೆಯ ಷರತ್ತಿಲ್ಲದೆ ಅದನ್ನು ಒಪ್ಪಬೇಡಿ. ಬೆಲೆ ವರ್ಷಕ್ಕೆ ನೂರಕ್ಕೆ 6ರಂತೆ ಏರಿತು ಅಂದುಕೊಳ್ಳಿ. 20ನೇ ವರ್ಷ ಕೈಗೆ ಬರುವ 50 ಲಕ್ಷಕ್ಕೆ ಇವತ್ತಿನ ಸುಮಾರು 16 ಲಕ್ಷದ ಬೆಲೆ ಮಾತ್ರ. ಅಂದರೆ 12 ಕಲಾವಿದರಿಂದ ಶುರುವಾದ ತಂಡ ನಾಲ್ಕಕ್ಕೆ ಇಳಿಯುತ್ತದೆ.

ಮೂರನೇ ದಾರಿಯೂ ಇದೆ, ಮೂಲನಿಧಿ: ಅಸಲನ್ನು ಠೇವಣಿ ಇಟ್ಟು ಬಡ್ಡಿಯಲ್ಲಿ ನಡೆಸುವುದು. 12 ಕಲಾವಿದರು, 3 ತಂತ್ರಜ್ಞರು, ತಲಾ ತಿಂಗಳಿಗೆ 25,000 ಅಂತ ಹಿಡಿದರೆ ವರ್ಷಕ್ಕೆ 45 ಲಕ್ಷ. 9 ಕೋಟಿ ಠೇವಣಿಗೆ ನೂರಕ್ಕೆ 7ರಂತೆ ಬಡ್ಡಿ ಬಂದರೆ 63 ಲಕ್ಷ. 45 ಲಕ್ಷ ಖರ್ಚು ಮಾಡಿ ಉಳಿದ 18 ಲಕ್ಷವನ್ನು ಅಸಲಿಗೇ ಸೇರಿಸುತ್ತ ಹೋಗಬೇಕು. ಅಸಲು ಮುಟ್ಟಬಾರದು ಅನ್ನುವುದು ನಿಯಮಾವಳಿಯಲ್ಲೇ ಇರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಾಯಿತ ಸಂಘಕ್ಕೆ ಹಣ ಹೋದರೆ ಖರ್ಚಾಗದ್ದು ಆರ್ಥಿಕ ವರ್ಷದ ಕೊನೆಗೆ, ಮಾರ್ಚ್ 31ಕ್ಕೆ, ವಾಪಸ್ ಹೋಗುವ ಭಯ ಇರುವುದಿಲ್ಲ. ಆದರೆ ಜಿಲ್ಲಾಧಿಕಾರಿ ವರ್ಗವಾಗುತ್ತಲೇ ಇರುತ್ತಾರೆ. ವಾರ್ಷಿಕ ಸಭೆ, ಲೆಕ್ಕಪರಿಶೋಧನೆ, ನವೀಕರಣ, ಈ ಮೂರನ್ನು ನೋಡಿಕೊಳ್ಳಲು ಒಬ್ಬ ಕಾಯಂ ಕಾರ್ಯದರ್ಶಿ ಇಲ್ಲದಿದ್ದರೆ ಸಂಘವೇ ನಿಷ್ಕ್ರಿಯವಾಗಿ ಠೇವಣಿ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

---

ರಂಗದ_ಹಿಂದ:

ನೋಡ್ರಿ, ಕಟ್ಟಡ ಬ್ಯಾಡೇ ಬ್ಯಾಡ ಅಂತ ಬರೀಬ್ಯಾಡ್ರಿ. ಏಪ್ರಿಲ್, ಮೇದಾಗ 42 ಡಿಗ್ರಿ ಬಿಸಿಲ ಊರಾಗ ಬಯಲಿನ್ಯಾಗ ತಾಲೀಮು ಆಗೂದಿಲ್ಲ. ಆದ್ರ ಎಂಥಾ ಕಟ್ಟಡ ಅನ್ನೂದು ಮುಖ್ಯ ಅದ. ಸಾವಿರ ಕುರ್ಚಿ ಹಾಲ್ ಕೇಳಿದ್ರ ಅದು ಸಭಾ-ಸಮಾರಂಭಕ್ಕೆ ಹೋಗ್ತದ. ಮೈಕ್ ಇಲ್ಲದ ನಟನ ಮಾತು ಕಡೀ ಸಾಲಿಗೆ ಮುಟ್ಟಬೇಕಂದ್ರ 300-400 ಕುರ್ಚಿ ಸಾಕು. ಅದರ ಬಾಜೂಕ ರಂಗದಷ್ಟೇ ಅಳತೀದು ಒಂದು ತಾಲೀಮು ಕೋಣಿ ಕೇಳ್ರಿ, 40 ಅಡಿಗೆ 30 ಅಡಿ. ಊರಿನ ನಾಟಕ ಬೆಳೆಯೂದು ಆ ಕೋಣ್ಯಾಗ.

ಅಂದಾಜು ಪಟ್ಟಿ ಮಾಡೋ ಇಂಜಿನಿಯರ್ ಮುಂದ ಇವಿಷ್ಟು ಇಡ್ರಿ.

ನಮ್ಮದು ಎರಿ ಮಣ್ಣು. ಮಳಿಗೆ ಉಬ್ಬತದ, ಬ್ಯಾಸಿಗ್ಯಾಗ ಬಿರಿತದ. ಪಾಯ ಮುರಂ ಪದರು ಮುಟ್ಟೂತನಕ ಹೋಗಬೇಕು, ಇಲ್ಲಂದ್ರ ಕೆಳಗ ಬುಡ ಅಗಲ ಮಾಡಿದ ಪೈಲ್ ಹಾಕಬೇಕು. ಖರ್ಚು ಉಳಸಾಕ ಹೋದ್ರ ನಾಕನೇ ವರ್ಷ ಗ್ರೀನ್ ರೂಮಿನ ಗ್ವಾಡಿ ಸೀಳತದ.

ರಂಗದ ನೆಲ ಶಹಾಬಾದ್ ಫರಸಿ ಹಾಕಬ್ಯಾಡ್ರಿ. ಹೊರಗಿನ ಪಡಸಾಲಿಗೆ ಅದು ಬಂಗಾರ, ಆದ್ರ ರಂಗದ ಮ್ಯಾಲ ಕುಣಿಯೋರ ಮೊಣಕಾಲು ಹೋಗ್ತಾವ, ಸೆಟ್‌ಗೆ ಒಂದು ಮೊಳಿ ಹೊಡಿಯಾಕ ಬರೂದಿಲ್ಲ. ಕೆಳಗ ರಬ್ಬರ್ ಪ್ಯಾಡ್, ಅದರ ಮ್ಯಾಲ ಒಂದೂವರಿ ಅಡಿಗೊಂದು ಮರದ ತೊಲಿ, ಮ್ಯಾಲ 18 ಎಂ.ಎಂ. ಪ್ಲೈವುಡ್ ಎರಡು ಪದರು, ಜೋಡಣಿ ಒಂದರ ಮ್ಯಾಲೊಂದು ಬರಧಂಗ. ಬಣ್ಣ ಹೊಳಪಿಲ್ಲದ ಕರೀದು. ಪಾಲಿಶ್ ಮಾಡಿದ್ರ ಲೈಟು ತಿರುಗಿ ನಟನ ಗದ್ದದ ಕೆಳಗ ಹೊಡೀತದ.

ಲೈಟು ತೂಗಹಾಕೂ ಪೈಪು 48 ಎಂ.ಎಂ. ಹೊರವ್ಯಾಸದ್ದು, ಯಾಕಂದ್ರ ಕ್ಲಾಂಪ್ ಸಿಗೂದು ಅದಕ್ಕ. ರಂಗದ ಮ್ಯಾಲ ನಾಕು ಸಾಲು, ಪ್ರೇಕ್ಷಕರ ತಲಿ ಮ್ಯಾಲ ಎರಡು ಸಾಲು, ನಟನ ಮುಖಕ್ಕ 45 ಡಿಗ್ರಿ ಬೀಳೂವಂಗ. ಬಾಳ ಕಡೆ ಆಗೂ ತಪ್ಪು ಇದು: ಚೆಂದಂತ ಫಾಲ್ಸ್ ಸೀಲಿಂಗ್ ಹೊಡದು ಪೈಪಿಗೆ ಜಾಗಾನೇ ಬಿಡೂದಿಲ್ಲ. ಆಮ್ಯಾಲ ಪ್ರತಿ ನಾಟಕಕ್ಕೂ ಬಾಡಿಗಿ ಕಂಬ.

ವಿದ್ಯುತ್ ಬಗ್ಗೆ: 24 ಹಳೇ ಹ್ಯಾಲೊಜನ್ ಲೈಟು, ಒಂದೊಂದು ಸಾವಿರ ವ್ಯಾಟ್, ಅಂದ್ರ 24 ಕಿಲೋವ್ಯಾಟ್. ಅವೇ 200 ವ್ಯಾಟಿನ ಎಲ್‌ಇಡಿ ಆದ್ರ 5 ಕಿಲೋವ್ಯಾಟಿಗೂ ಕಡಿಮಿ. ಜೆಸ್ಕಾಂ ಬಿಲ್ಲಿನ್ಯಾಗ ನಿಗದಿತ ಶುಲ್ಕ ಮಂಜೂರಾದ ಲೋಡಿನ ಮ್ಯಾಲ ಬರ್ತದ, ನಾಟಕ ಆಗ್ಲಿ ಬಿಡ್ಲಿ. ಸೌಂಡಿಗೆ ಬ್ಯಾರೆ ಫೇಸ್ ಕೊಡ್ರಿ, ಲೈಟಿನ ಡಿಮ್ಮರ್ ಜೋಡಿ ಕೊಟ್ರ ಸ್ಪೀಕರ್ ಗುಂಯ್ ಅಂತದ.

ಸೆಟ್ಟಿನ ಬಾಗಲ 8 ಅಡಿ ಅಗಲ, 10 ಅಡಿ ಎತ್ತರ ಇರಲಿ, ಟೆಂಪೋ ಹಿಂದಕ್ಕ ಬಂದು ನೇರ ಹಚ್ಚೂವಂಗ. ಇದು ನಕ್ಷಾದಾಗ ಬಿಟ್ಟು ಹೋದ್ರ ಮುಂದ ಗ್ವಾಡಿ ಒಡೀಬೇಕು.

---

ತತ್ವಪದ_ಕೇಳುಗ:

ಕಟ್ಟಡದ ಮಾತು ಸರಿ ಅಣ್ಣ. ಆದರೆ ದೀರ್ಘಕಾಲದ ಸರ್ಕಾರಿ ಹಣ ಊರಿಗೆ ಏನು ಮಾಡುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಎರಡು ಉದಾಹರಣೆ ಇವೆ. ಎರಡನ್ನೂ ಯಾರೂ ಸಾಂಸ್ಕೃತಿಕ ಹೂಡಿಕೆ ಅಂತ ಕರೆಯುವುದಿಲ್ಲ.

ಒಂದು, ಕಲಬುರಗಿ ಆಕಾಶವಾಣಿ. ಶುರುವಾದದ್ದು 1966ರಲ್ಲಿ. ಧ್ವನಿಪರೀಕ್ಷೆ, ಆಮೇಲೆ ಬಿ, ಬಿ-ಹೈ, ಎ, ಟಾಪ್ ಅಂತ ಶ್ರೇಣಿ, ಶ್ರೇಣಿಗೆ ತಕ್ಕ ಸಂಭಾವನೆ, ಒಪ್ಪಂದ ಪತ್ರ ಅಂಚೆಯಲ್ಲಿ. ಮೊತ್ತ ದೊಡ್ಡದಲ್ಲ. ಆದರೆ ತತ್ವಪದ ಹಾಡುವವರಿಗೆ, ತಬಲಾ, ಹಾರ್ಮೋನಿಯಂ ನುಡಿಸುವವರಿಗೆ ವರ್ಷಕ್ಕೆ ಇಷ್ಟು ಸಲ ಕರೆ ಬರುತ್ತದೆ ಅನ್ನುವ ಭರವಸೆ. ಆ ಶ್ರೇಣಿಯ ಕಾಗದ ಹಿಡಿದು ಹೋದರೆ ಜಾತ್ರೆಯಲ್ಲೂ ಮದುವೆಯಲ್ಲೂ ಬೆಲೆ ಬೇರೆ. ಒಂದು ಅಳತೆಗೋಲು ದಶಕಗಟ್ಟಲೆ ಬದಲಾಗದೆ ಇದ್ದದ್ದೇ ಅದರ ಬಲ.

ಎರಡು, ಗ್ರಂಥಾಲಯ ಕರ. ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ತೆರಿಗೆಯ ನೂರಕ್ಕೆ 6. ಎರಡು ಸಾವಿರ ತೆರಿಗೆಗೆ 120 ರೂಪಾಯಿ. ಇದು ಯಾವ ಮಂತ್ರಿಯ ಯೋಜನೆಯೂ ಅಲ್ಲ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಅದಕ್ಕೇ ಸರ್ಕಾರಗಳು ಬದಲಾದರೂ ಉಳಿದಿದೆ, ಊರು ಬೆಳೆದ ಹಾಗೆ ತಾನೂ ಬೆಳೆಯುತ್ತದೆ. ಕೆಡುವುದು ಎಲ್ಲಿ ಅಂದರೆ, ವಸೂಲಿ ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಪೂರ್ತಿ ದಾಟಿಸುವುದಿಲ್ಲ, ಬಾಕಿ ಗುಡ್ಡೆ ಬೀಳುತ್ತದೆ. ಮನವಿಯ ಜೊತೆಗೆ ಮಾಹಿತಿ ಹಕ್ಕಿನಲ್ಲಿ ಎರಡೇ ಪ್ರಶ್ನೆ ಹಾಕಿ: ಕಳೆದ ಐದು ವರ್ಷ ವರ್ಷವಾರು ವಸೂಲಾದ ಕರ ಎಷ್ಟು, ವರ್ಗಾಯಿಸಿದ್ದು ಎಷ್ಟು. ಬಾಕಿ ಇದ್ದರೆ ಅದು ಹೊಸ ಅನುದಾನ ಅಲ್ಲ, ಊರಿನವರು ಆಗಲೇ ಕಟ್ಟಿದ ದುಡ್ಡು.

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಗೆ ಬಂದದ್ದು 1928, 1949, 1987, 2020ರಲ್ಲಿ. ನಡುವಿನ ಅಂತರ 21, 38, 33 ವರ್ಷ. ಆ ನಡುವಿನ ವರ್ಷಗಳಲ್ಲಿ ಓದುಗರನ್ನು ಸಾಕಬೇಕಾದದ್ದು ಬೆಳಗ್ಗೆ ಬಾಗಿಲು ತೆಗೆಯುವ ಗ್ರಂಥಾಲಯವೇ.

---

ಕೋಟೆ_ಮಣ್ಣು (ಬೀದರ):

ಕರಕುಶಲ ಕಲೆಯನ್ನು ಮನವಿಯಲ್ಲಿ ಸೇರಿಸುವುದಾದರೆ ತರಬೇತಿಯ ಅವಧಿ ನೋಡಿ ಸೇರಿಸಿ. ಬಿದರಿಯನ್ನೇ ತಗೊಳ್ಳಿ. ಸತು 16 ಪಾಲು, ತಾಮ್ರ 1 ಪಾಲು ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯಬೇಕು. ಅರದಿಂದ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ಮೈ ಕಪ್ಪಾಗುತ್ತದೆ, ಆಗ ಕೊರೆದ ಗೆರೆ ಬೆಳ್ಳಗೆ ಕಾಣುತ್ತದೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಮತ್ತೆ ಉಜ್ಜಿ, ಕೊನೆಗೆ ಬೀದರ ಕೋಟೆಯ ಹಳೇ ಮಣ್ಣು, ನವಸಾಗರ ಹಾಕಿದ ಬಿಸಿ ದ್ರಾವಣದಲ್ಲಿ ಅದ್ದುವುದು. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ.

ಮೂರು ತಿಂಗಳ ತರಬೇತಿ ಶಿಬಿರದಲ್ಲಿ ಹುಡುಗರು ಅಚ್ಚು ಹೊಯ್ಯುವುದು, ಉಜ್ಜುವುದು ಕಲಿಯುತ್ತಾರೆ. ಕೊರೆಯುವ ಕೈ ಕೂರಲು ವರ್ಷಗಳು ಬೇಕು. ಗೆರೆಯ ಆಳ ಕೂದಲೆಳೆಯಷ್ಟು ಕಡಿಮೆಯಾದರೂ ತಂತಿ ಉಜ್ಜುವಾಗ ಎದ್ದು ಬರುತ್ತದೆ. ಆದ್ದರಿಂದ ಹತ್ತು ಶಿಬಿರದ ಹಣವನ್ನು ಕೂಡಿಸಿ ಐದು ಜನಕ್ಕೆ ಮೂರು ವರ್ಷದ ಶಿಷ್ಯವೇತನ ಅಂತ ಕೇಳಿ, ಗುರುವಿಗೂ ತಿಂಗಳ ಸಂಭಾವನೆ ಇರಲಿ. ಬೆಳ್ಳಿಯನ್ನು ಸಾಲದ ಮೇಲೆ ಕೊಟ್ಟು ಮಾಲು ಮಾರಿದ ಮೇಲೆ ಹಿಂದಕ್ಕೆ ಪಡೆಯುವ ಕಚ್ಚಾವಸ್ತು ನಿಧಿಯೂ ಬೇಕು. ಬೆಳ್ಳಿ ದರ ಏರಿದಾಗ ಮೊದಲು ಕೆಲಸ ಬಿಡುವವರು ಹೊಸಬರೇ.

---

ಕಾಗಿಣಾ_ದಂಡೆ:

ಎಲ್ಲರಿಗೂ ಶರಣು. ಬಹಳ ಉಪಯೋಗವಾಯಿತು. ಇನ್ನೊಂದು ಸಂಶಯ. ಕಲಾವಿದರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವ ರೆಪರ್ಟರಿ ಕೇಳಿದರೆ "ಕಲಬುರಗಿಯಲ್ಲೇ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆಯಲ್ಲ" ಅನ್ನುತ್ತಾರೆ. ಅದಕ್ಕೆ ಏನು ಉತ್ತರ?

---

ಬಜೆಟ್_ಪುಟ:

ಇದೆ, ಅದನ್ನೇ ಬಲಪಡಿಸಿ ಅನ್ನಿ. ಹೊಸ ಸಂಸ್ಥೆ ಕೇಳುವುದಕ್ಕಿಂತ ಇರುವ ಸಂಸ್ಥೆಯ ಹುದ್ದೆಗಳನ್ನು ಭದ್ರ ಮಾಡಿಸುವುದು ಸುಲಭ. ಹೇಗೆ ಕೇಳಬೇಕು ಅನ್ನುವುದಕ್ಕೆ ಭೋಪಾಲ ಮತ್ತು ಮೈಸೂರನ್ನು ನೋಡಿ.

ಭೋಪಾಲದ ಕಲಾಕೇಂದ್ರ ಭಾರತ ಭವನ 1982ರಲ್ಲಿ ತೆರೆಯಿತು. ಮಧ್ಯಪ್ರದೇಶ ಸರ್ಕಾರದ ಹಣ, ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ. ಕಟ್ಟಡ ಮಾತ್ರ ಆಗಿದ್ದರೆ ಇವತ್ತು ಅದರ ಮಾತು ಬರುತ್ತಿರಲಿಲ್ಲ. ಒಳಗಿನ ನಾಟಕ ತಂಡ ರಂಗಮಂಡಲವನ್ನು ರಂಗನಿರ್ದೇಶಕ ಬಿ.ವಿ. ಕಾರಂತರು ಕಟ್ಟಿದರು. ಚಿತ್ರಶಾಲೆ ನೋಡಿಕೊಂಡ ಚಿತ್ರಕಲಾವಿದ ಜೆ. ಸ್ವಾಮಿನಾಥನ್ ಕಲಾವಿದರನ್ನು ಹಳ್ಳಿಹಳ್ಳಿಗೆ ಕಳಿಸಿದರು. ಪಾಟನಗಢ ಹಳ್ಳಿಯಲ್ಲಿ ಗೋಡೆ ಮೇಲೆ ಚಿತ್ರ ಬರೆಯುತ್ತಿದ್ದ ಗೋಂಡ್ ಬುಡಕಟ್ಟಿನ ಜನಗಢ ಸಿಂಗ್ ಶ್ಯಾಮ್ ಸಿಕ್ಕಿದ್ದು ಹಾಗೆ. ಅವರಿಗೆ ಭೋಪಾಲದಲ್ಲಿ ಕೆಲಸ, ಕಾಗದ, ಬಣ್ಣ ಸಿಕ್ಕಿತು. ಅವರ ಹಿಂದೆ ಬಂಧು-ಬಳಗ ಬಂತು. ಇವತ್ತು ನಾವು ಗೋಂಡ್ ಚಿತ್ರ ಅನ್ನುವುದು ಬೆಳೆದದ್ದು ಆ ಮನೆಗಳಲ್ಲಿ. ಪ್ರದರ್ಶನದ ಹಣಕ್ಕಿಂತ ತಿರುಗಾಟದ ಹಣ ಮತ್ತು ನೌಕರಿ ಹೆಚ್ಚು ಕೆಲಸ ಮಾಡಿದವು. ನಿಮ್ಮ ಮನವಿಯಲ್ಲೂ "ಕ್ಷೇತ್ರ ಸಂಗ್ರಹ, ಪ್ರಯಾಣ ಭತ್ಯೆ" ಅನ್ನುವ ಸಾಲು ಇರಲಿ. ಆಳಂದ, ಜೇವರ್ಗಿ, ಶಹಾಪುರ ಕಡೆಯ ದೊಡ್ಡಾಟ, ಮೊಹರಂ ಪದ ಹಾಡುವವರ ಹತ್ತಿರಕ್ಕೆ ಹೋಗುವವರು ಯಾರು, ಯಾವ ಹಣದಲ್ಲಿ?

ಮೈಸೂರು ರಂಗಾಯಣ 1989ರದ್ದು, ಅದೂ ಕಾರಂತರದ್ದೇ. ಕಾಯಂ ಕಲಾವಿದರಿದ್ದದ್ದರಿಂದ ಒಂದು ನಾಟಕವನ್ನು ವರ್ಷಗಟ್ಟಲೆ ಆಡಲು ಆಯಿತು. ಊರಿನವರಿಗೆ ವಾರಾಂತ್ಯಕ್ಕೆ ನಾಟಕ ನೋಡುವ ಅಭ್ಯಾಸ ಬೆಳೆಯಿತು. ಅಲ್ಲಿ ಆದ ತಪ್ಪನ್ನೂ ಬರೆದುಕೊಳ್ಳಿ: ಒಂದೇ ಸಲಕ್ಕೆ ಸೇರಿದವರೆಲ್ಲ ಒಟ್ಟಿಗೇ ವಯಸ್ಸಾಗಿ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತಿಗೆ ಬಂದರು. ಅದಕ್ಕೇ 12 ಹುದ್ದೆ ಕೇಳುವಾಗ ಮೂರು ಕಂತಿನಲ್ಲಿ ಕೇಳಿ. ಮೊದಲ ವರ್ಷ ನಾಲ್ಕು, ಐದನೇ ವರ್ಷ ನಾಲ್ಕು, ಹತ್ತನೇ ವರ್ಷ ನಾಲ್ಕು. ಪೂರ್ತಿ ಗುತ್ತಿಗೆ ಆದರೆ ಮೂರು ವರ್ಷಕ್ಕೆ ಕಲಿತವರು ಬೆಂಗಳೂರಿಗೆ ಹೊರಡುತ್ತಾರೆ. ಹುದ್ದೆ ಸೃಷ್ಟಿಗೆ ಆರ್ಥಿಕ ಇಲಾಖೆಯ ಸಹಮತಿ ಬೇಕು, ಕಡತ ಅಲ್ಲೇ ತಡವಾಗುತ್ತದೆ. ಹೋಗಿ ಬರುವ ಪ್ರತಿ ಪ್ರಶ್ನೆಗೂ ಉತ್ತರ ಕೊಡಲು ಒಬ್ಬರನ್ನು ನೇಮಿಸಿಕೊಳ್ಳಿ.

---

ರಂಗದ_ಹಿಂದ:

ಒಂದು ಬಿಟ್ಟಿದ್ದೆ. ತಂತ್ರಜ್ಞರ ಮೂರು ಹುದ್ದಿ ಮೊದಲ ಕಂತಿನ್ಯಾಗೇ ಕೇಳ್ರಿ: ಲೈಟಿಗೊಬ್ರು, ಸೌಂಡಿಗೊಬ್ರು, ರಂಗ ಮತ್ತು ಬಡಗಿ ಕೆಲಸಕ್ಕೊಬ್ರು. ಮೂರೂ ಮಂದಿ ಕಟ್ಟಡದ ಟೆಂಡರ್ ಕರಿಯೂಕಿಂತ ಮೊದಲೇ ಬಂದಿರಬೇಕು, ನಕ್ಷಾ ನೋಡಿ ಪೈಪು, ಪ್ಲಗ್, ಬಾಗಲ ಎಲ್ಲಿ ಅಂತ ಹೇಳಾಕ.

---

ಕಾಗಿಣಾ_ದಂಡೆ:

ಹಾಗೇ ಬರೆಯುತ್ತೇವೆ. 350 ಕುರ್ಚಿ ಹಾಲ್ ಮತ್ತು ತಾಲೀಮು ಕೋಣೆ ಮಂಡಳಿಗೆ, ಹುದ್ದೆ ಮತ್ತು ವರ್ಷಕ್ಕೆ ನೂರಕ್ಕೆ 6ರ ಏರಿಕೆ ಇರುವ ಅನುದಾನ ಇಲಾಖೆಗೆ, ಗ್ರಂಥಾಲಯ ಕರದ ಮಾಹಿತಿ ಹಕ್ಕು ಅರ್ಜಿ ಪ್ರತ್ಯೇಕವಾಗಿ. ಅಂದಾಜು ಪಟ್ಟಿ ಕೈಗೆ ಬಂದ ಮೇಲೆ ಇಲ್ಲೇ ಹಾಕುತ್ತೇವೆ, ಪಾಯದ ಆಳ ಮತ್ತು ರಂಗದ ನೆಲದ ಸಾಲುಗಳನ್ನು ದಯವಿಟ್ಟು ಒಮ್ಮೆ ನೋಡಿಕೊಡಿ.