ಇಂಜಿನ್ ಹೀಟರಿಗೆ ‘ಕಾವು’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಡುಚಳಿಯ ನಾಡುಗಳಲ್ಲಿ ಟ್ರ್ಯಾಕ್ಟರ್ ನಡೆಸುವವರಿಗೆಂದು ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಳಿಗಾಲದ ಬೆಳಗ್ಗೆ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗಲು ಹೀಟರ್ ಹಾಕಿಸಲೇಬೇಕೋ, ಇಲ್ಲದೆಯೂ ಆದೀತೋ ಎಂದು ತೀರ್ಮಾನಿಸುವ ಬಗೆ ಅದರಲ್ಲೊಂದು ಅಧ್ಯಾಯ. ವಿಷಯ ಸಲೀಸಾಗಿದೆ. ಪದ ಮಾತ್ರ ಒಂದು ವಾರದಿಂದ ಸತಾಯಿಸುತ್ತಿದೆ.

ಹೀಟರ್ ಎಂದೇ ಬಿಡಬಾರದೇ ಎಂದು ಕೇಳುತ್ತೀರಿ. ಮೊದಲ ಕರಡಿನಲ್ಲಿ ಹಾಗೇ ಬಿಟ್ಟಿದ್ದೆ. ಓದಿದ ಗೆಳೆಯರೊಬ್ಬರು, ‘ಇಂಜಿನ್ ಹೀಟ್ ಆಗದಿರಲಿ ಅಂತ ತಾನೇ ರೇಡಿಯೇಟರಿಗೆ ನೀರು ಹಾಕೋದು? ಮತ್ತೆ ದುಡ್ಡು ಕೊಟ್ಟು ಹೀಟರ್ ಯಾಕೆ?’ ಎಂದುಬಿಟ್ಟರು. ಅವರ ಮಾತಿನಲ್ಲಿ ತಪ್ಪಿಲ್ಲ. ‘ಇಂಜಿನ್ ಹೀಟ್ ಆಗಿದೆ’ ಎಂಬುದು ನಮ್ಮ ಮಾತಿನಲ್ಲಿ ಯಾವಾಗಲೂ ದೂರು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಗ್ಲೋ ಪ್ಲಗ್ಗನ್ನು ಮೆಕ್ಯಾನಿಕ್‌ಗಳು ‘ಹೀಟರ್ ಪ್ಲಗ್’ ಎನ್ನುತ್ತಾರೆ. ಸೆಲ್ಫ್ ಹೊಡೆಯುವ ಮುನ್ನ ಕೀ ತಿರುಗಿಸಿ ಕೆಲವು ಸೆಕೆಂಡು ತಡೆಯುತ್ತೇವಲ್ಲ, ಆಗ ಕೆಲಸ ಮಾಡುವುದು ಅದು. ಬ್ಯಾಟರಿಯಿಂದ ಕರೆಂಟ್ ಎಳೆದು, ಡೀಸೆಲ್ ಉರಿಯುವ ಜಾಗದಲ್ಲೇ ತುದಿ ಕೆಂಪಗೆ ಕಾಯುತ್ತದೆ. ನಾನು ಹೆಸರು ಹುಡುಕುತ್ತಿರುವ ಹೀಟರ್ ಬೇರೆ. ಇದಕ್ಕೆ ಗೋಡೆಯ ಸಾಕೆಟ್ಟಿನಿಂದ ಕರೆಂಟ್ ಬೇಕು, ಗಂಟೆಗಟ್ಟಲೆ ಬೇಕು. ಇದು ಇಂಜಿನ್ ಬ್ಲಾಕಿನೊಳಗಿನ ಕೂಲಂಟನ್ನು ಬಿಸಿ ಮಾಡಿ, ಅದರ ಮೂಲಕ ಇಡೀ ಕಬ್ಬಿಣದ ಮುದ್ದೆಯನ್ನು ಬೆಚ್ಚಗಾಗಿಸುತ್ತದೆ. (ತಂಪು ಮಾಡುವುದಕ್ಕೆಂದೇ ಇಟ್ಟ ದ್ರವವನ್ನು ಬಿಸಿ ಮಾಡುವ ಈ ತಮಾಷೆಯಿಂದಾಗಿ ಕೂಲಂಟಿಗೆ ಕನ್ನಡ ಪದ ಹುಡುಕುವ ಆಸೆಯನ್ನೇ ಬಿಟ್ಟೆ.) ಎರಡನ್ನೂ ಹೀಟರ್ ಎಂದರೆ, ಗ್ಲೋ ಪ್ಲಗ್ ಇರುವ ಟ್ರ್ಯಾಕ್ಟರಿನವರು ‘ನಮ್ಮದಕ್ಕೆ ಕಂಪನಿಯಿಂದಲೇ ಹೀಟರ್ ಬಂದಿದೆ’ ಎಂದು ಪುಟ ಮಗುಚುತ್ತಾರೆ. ಅಧ್ಯಾಯ ಅಲ್ಲಿಗೇ ಮುಗಿಯಿತು.

ಇಂಗ್ಲಿಷಿನಲ್ಲೂ ಹೆಸರು ನೆಟ್ಟಗಿಲ್ಲ. ಅಮೆರಿಕದ ನಾರ್ತ್ ಡಕೋಟದ ಆಂಡ್ರೂ ಫ್ರೀಮನ್ 1949ರಲ್ಲಿ ಪೇಟೆಂಟ್ ಪಡೆದ ಹೀಟರ್, ಸಿಲಿಂಡರ್ ಹೆಡ್ಡಿನ ಒಂದು ಬೋಲ್ಟ್ ತೆಗೆದು ಆ ಜಾಗದಲ್ಲಿ ಕೂರಿಸುವಂಥದ್ದು. ಆದ್ದರಿಂದ ‘ಹೆಡ್‌ಬೋಲ್ಟ್ ಹೀಟರ್’ ಆಯಿತು. ಈಗಿನವು ಬ್ಲಾಕಿನ ಬದಿಯ ತೂತಿನಲ್ಲೋ ರೇಡಿಯೇಟರಿನ ಕೆಳಗಿನ ಹೋಸಿನಲ್ಲೋ ಕೂರುತ್ತವೆ. ಆ ಕಡೆಯ ಕೆಲವರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ.

ನಾನು ಹುಡುಕಿದ ಪದಗಳನ್ನು ನೋಡಿ. ‘ತಾಪಕ’, ‘ಶಾಖಕ’ ಪರೀಕ್ಷೆಯ ಹಾಳೆಯಲ್ಲಿ ಚೆನ್ನ, ಶೆಡ್ಡಿನಲ್ಲಿ ಯಾರೂ ಆಡಲಾರರು. ಕಾಯು, ಕಾಯಿಸು ಎಂದರೆ ಇನ್ನೊಂದು ಗೋಜಲು: ‘ಇಂಜಿನ್ ಕಾಯಲು ಬಿಡಿ’ ಎಂದು ಬರೆದು ಮರುದಿನ ಓದಿದಾಗ, ಇಂಜಿನ್ ಯಾರನ್ನೋ ಎದುರು ನೋಡುತ್ತಿದೆಯೋ ಶೆಡ್ಡಿಗೆ ಪಹರೆ ನಿಂತಿದೆಯೋ ನನಗೇ ತಿಳಿಯಲಿಲ್ಲ. ‘ಬೆಚ್ಚಗೆ’ಯಿಂದ ‘ಬೆಚ್ಚುಕ’ ಮಾಡೋಣವೆಂದರೆ ಅದು ಬೆಚ್ಚಿಬೀಳಿಸುವ ಬೆದರುಬೊಂಬೆಯಂತೆ ಕೇಳಿಸುತ್ತದೆ.

ಕಡೆಗೆ ಮನಸ್ಸು ನಿಂತದ್ದು ‘ಕಾವು’ ಎಂಬಲ್ಲಿ. ಕೋಳಿ ಮೊಟ್ಟೆಗೆ ಕಾವು ಕೊಡುತ್ತದೆ. ಬೇಯಿಸುವುದಿಲ್ಲ, ಕುದಿಸುವುದಿಲ್ಲ, ಹದವಾದ ಬಿಸಿಯನ್ನು ಬಹಳ ಹೊತ್ತು, ಮೈಯೆಲ್ಲಕ್ಕೂ ತಾಗುವಂತೆ ಕೊಡುತ್ತದೆ. ಈ ಹೀಟರ್ ಮಾಡುವುದೂ ಥೇಟು ಅದನ್ನೇ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಸುತ್ತಲಿನ ಕಬ್ಬಿಣ ಕೊರೆಯುತ್ತಿದ್ದರೆ ಆ ಬಿಸಿಯನ್ನು ಅದೇ ಹೀರಿಬಿಡುತ್ತದೆ. ಬ್ಲಾಕಿಗೆ ಕಾವು ಸಿಕ್ಕಿದ್ದರೆ ಹೀರುವುದು ಕಡಿಮೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯ ಕಾವು ಸಾಕು. 1000 ವ್ಯಾಟಿನ ಹೀಟರ್ 3 ಗಂಟೆಗೆ 3 ಯೂನಿಟ್ ತಿನ್ನುತ್ತದೆ, ರಾತ್ರಿಯಿಡೀ 10 ಗಂಟೆ ಬಿಟ್ಟರೆ 10 ಯೂನಿಟ್. ಹೀಗಾಗಿ ಕೈಪಿಡಿ ಟೈಮರ್ ಹಾಕಿ ಎನ್ನುತ್ತದೆ.

ಪದ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ ‘ಚುನಾವಣೆಯ ಕಾವು’ ನೆನಪಾಯಿತು. ಪತ್ರಿಕೆಗಳ ಕಾವು ಯಾವಾಗಲೂ ಏರುವಂಥದ್ದು, ಕೋಳಿಯದ್ದಲ್ಲ. ಕೊಡಲಿಯ ಕಾವು ಬೇರೆ ಇದೆ, ಅದರಿಂದ ಇಲ್ಲಿ ತೊಂದರೆಯಾಗಲಾರದು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ. ಚಳಿಗೆ ಆಯಿಲ್ ಏನಾಗುತ್ತದೆ, ಡೀಸೆಲ್ ಏನಾಗುತ್ತದೆ? ಎರಡಕ್ಕೂ ‘ಗಟ್ಟಿಯಾಗುತ್ತದೆ’ ಎಂದು ಬರೆಯುವ ರೂಢಿಯಿದೆ. ನನಗೆ ಒಪ್ಪಿಗೆಯಿಲ್ಲ. ಆಯಿಲ್ ಮಂದವಾಗುತ್ತದೆ, ಹರಿಯಲು ಸೋಮಾರಿಯಾಗುತ್ತದೆ. ಡೀಸೆಲ್ಲಿನಲ್ಲಿ ಮೇಣದ ಹರಳುಗಳು ಕಟ್ಟಿ ಫಿಲ್ಟರಿನ ಬಾಯಿ ಮುಚ್ಚುತ್ತವೆ; ಇದಕ್ಕೆ ‘ಹೆಪ್ಪುಗಟ್ಟು’ ಸರಿ ಎನಿಸುತ್ತದೆ. ಇದು ಬರೀ ಪದದ ಸೂಕ್ಷ್ಮವಲ್ಲ, ತೀರ್ಮಾನವೇ ಇದರ ಮೇಲೆ ನಿಂತಿದೆ. ಬ್ಲಾಕಿನ ಕಾವು ಟ್ಯಾಂಕಿಗಾಗಲಿ ಫಿಲ್ಟರಿಗಾಗಲಿ ತಲುಪುವುದಿಲ್ಲ. ಡೀಸೆಲ್ ಹೆಪ್ಪುಗಟ್ಟಿದ್ದರೆ ಎಂಥ ಹೀಟರ್ ಹಾಕಿಸಿದರೂ ದಂಡ, ಚಳಿಗಾಲದ ಡೀಸೆಲ್ಲೇ ಬೇಕು. ಆಯಿಲ್ ಮಂದವಾಗಿದ್ದರೆ ಹೀಟರಿಗೆ ಮುನ್ನ ಅದರ ಗ್ರೇಡ್ ನೋಡಬೇಕು. ಡಬ್ಬದ ಮೇಲಿನ 15ಡಬ್ಲ್ಯು-40 ಎಂಬುದರಲ್ಲಿ ಡಬ್ಲ್ಯು ಎಂದರೆ ವಿಂಟರ್. ವ್ಯಾಟ್ ಎಂದೋ ವೆಯ್ಟ್ ಎಂದೋ ತಿಳಿದವರನ್ನು ಕಂಡಿದ್ದೇನೆ. ಚಳಿಯಲ್ಲಿ ಇಂಜಿನ್ ತಿರುಗಲು ಬಿಡುತ್ತದೆಯೇ ಎಂಬ ಪರೀಕ್ಷೆಯನ್ನು 15ಡಬ್ಲ್ಯು ಆಯಿಲ್‌ಗೆ ಮಾಡುವುದು ಮೈನಸ್ 20 ಡಿಗ್ರಿಯಲ್ಲಿ, 5ಡಬ್ಲ್ಯು ಆಯಿಲ್‌ಗೆ ಮೈನಸ್ 30ರಲ್ಲಿ.

‘ಕೋಲ್ಡ್ ಸ್ಟಾರ್ಟ್’ಗೆ ‘ಶೀತಾರಂಭ’ ಎಂದು ಬರೆದು ನಾಚಿ ಅಳಿಸಿದೆ. ‘ಚಳಿ ಇಂಜಿನ್’ ಆಗದು. ಚಳಿ ಹವೆಗುಂಟು, ಮೈಗುಂಟು, ಕಬ್ಬಿಣಕ್ಕಿಲ್ಲ. ‘ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವುದು’ ಎಂದು ಉದ್ದಕ್ಕೇ ಬರೆದಿದ್ದೇನೆ.

ಈಗ ಆ ಭಾಗ ಹೀಗಿದೆ, ಎಲ್ಲಿ ಎಡವಿದ್ದೇನೆ ನೋಡಿ:

‘ಸೆಲ್ಫ್ ಹೊಡೆದಾಗ ಇಂಜಿನ್ ಒದ್ದಾಡಿಕೊಂಡು ತಿರುಗಿದರೆ ಮೊದಲು ಬ್ಯಾಟರಿ, ಟರ್ಮಿನಲ್, ಆಯಿಲ್ ನೋಡಿ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಯ ಕಸುವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಚುರುಕಾಗಿ ತಿರುಗಿಯೂ ಹಿಡಿಯದೆ ಬಿಳಿ ಹೊಗೆ ಬಿಟ್ಟರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತುವಷ್ಟು ಬಿಸಿಯಿಲ್ಲ. ಹೀಟರ್ ಪ್ಲಗ್ ಪರೀಕ್ಷಿಸಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಈಥರ್ ಸ್ಪ್ರೇ (ಬೇಗ ಸ್ಟಾರ್ಟ್ ಆಗಲೆಂದು ಹೊಡೆಯುವ, ಥಟ್ಟನೆ ಹೊತ್ತಿಕೊಳ್ಳುವ ದ್ರವ) ಹೊಡೆಯಲೇಬೇಡಿ, ಸಿಡಿದೀತು. ಇವೆಲ್ಲ ಸರಿಯಿದ್ದೂ ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡಲೇಬೇಕಾದ ಟ್ರ್ಯಾಕ್ಟರ್ ಸತಾಯಿಸುತ್ತಿದ್ದರೆ ಕಾವು ಹೀಟರ್ ಹಾಕಿಸಿ. ಮಧ್ಯಾಹ್ನದ ಬಿಸಿಲೇರಿದ ಮೇಲೆ ಹೊರಡುವ ಟ್ರ್ಯಾಕ್ಟರಿಗೆ ಅದಿಲ್ಲದೆಯೂ ನಡೆದೀತು.’

‘ಕಾವು ಹೀಟರ್’ ಎಂಬ ಜೋಡುಪದ ನಿಮಗೆ ಕಿವಿಗೆ ಒಗ್ಗುತ್ತದೆಯೇ? ಇನ್ನು ಕ್ರಿಯಾಪದ. ರಾತ್ರಿ ವೈರ್ ಸಿಕ್ಕಿಸಿ ಬರುವುದಕ್ಕೆ ಆ ಕಡೆಯವರು ‘ಪ್ಲಗ್ ಇನ್’ ಎನ್ನುತ್ತಾರೆ. ಕೋಳಿಯನ್ನು ಕಾವಿಗೆ ಕೂರಿಸುತ್ತೇವಲ್ಲ, ಹಾಗೇ ‘ಟ್ರ್ಯಾಕ್ಟರನ್ನು ಕಾವಿಗೆ ಹಾಕಿ ಬಂದೆ’ ಎಂದರೆ ನಗುತ್ತೀರಾ, ಅರ್ಥ ಮಾಡಿಕೊಳ್ಳುತ್ತೀರಾ?