ಸ್ಫಿಂಕ್ಸ್: ಕನ್ನಡ ಶೀರ್ಷಿಕೆ ಹಾಕಿದರೆ 'ಟೈಟಲ್ ಅಂಡರ್‌ಲೈನ್ ಟೂ ಶಾರ್ಟ್'

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಊರಿನ ಗ್ರಂಥಾಲಯಕ್ಕೆಂದು ಪುಸ್ತಕದ ಲೆಕ್ಕ ಇಡುವ ಪುಟ್ಟ ತಂತ್ರಾಂಶ ಬರೆದಿದ್ದೇನೆ. ಕೈಪಿಡಿ ಕನ್ನಡದಲ್ಲೇ ಇರಬೇಕು ಅಂತ ಆಸೆ. ಫೈಲುಗಳೆಲ್ಲ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್, ಅಂದರೆ ಶೀರ್ಷಿಕೆ, ಟೇಬಲ್‌ಗಳನ್ನು ಚಿಹ್ನೆಗಳಿಂದ ಗುರುತಿಸುವ ಸರಳ ಪಠ್ಯ. ಅದರಿಂದ ಕೈಪಿಡಿಯ ಪುಟಗಳನ್ನು ಬಿಲ್ಡ್ ಮಾಡುವುದು ಸ್ಫಿಂಕ್ಸ್ ಎಂಬ ತಂತ್ರಾಂಶದಲ್ಲಿ. 'ಅಳವಡಿಸುವ ವಿಧಾನ' ಅನ್ನೋ ಶೀರ್ಷಿಕೆಯ ಕೆಳಗೆ ಅಕ್ಷರ ಎಣಿಸಿಯೇ 10 ಸಮ ಚಿಹ್ನೆ ಹಾಕಿದೆ. ಆದರೂ ಗೆರೆ ಸಾಲದು ಅಂತ ಎಚ್ಚರಿಕೆ. ಮೈನಸ್ ಡಬ್ಲ್ಯೂ ಆಯ್ಕೆ ಇಟ್ಟಿರುವುದರಿಂದ ಒಂದು ಎಚ್ಚರಿಕೆ ಬಂದರೂ ಬಿಲ್ಡ್ ವಿಫಲವಾಗುತ್ತದೆ. ಗೆರೆ ಎಳೆದು ಮಾಡಿದ ಟೇಬಲ್ಲಿಗೂ 'ಮಾಲ್‌ಫಾರ್ಮ್ಡ್ ಟೇಬಲ್' ಅನ್ನುತ್ತದೆ. ಇಂಗ್ಲಿಷ್ ಪುಟಗಳಿಗೆ ಈ ತೊಂದರೆ ಇಲ್ಲ.

ಉತ್ತರ

ನೀವು ಎಣಿಸಿದ್ದು ಸರಿ. ಡಾಕ್‌ಯುಟಿಲ್ಸ್ ಎಣಿಸುವ ರೀತಿ ಬೇರೆ. ಸ್ಫಿಂಕ್ಸ್ ಒಳಗೆ ಕೂತು ಫೈಲ್ ಓದುವುದು ಅದೇ. ನಮಗೆ 'ಡಿ' ಒಂದೇ ಅಕ್ಷರ, ಕಂಪ್ಯೂಟರ್ ಅಕ್ಷರ ಗುರುತಿಸುವ ಯುನಿಕೋಡ್‌ನಲ್ಲಿ ಡ ಬೇರೆ, ಗುಡಿಸು ಬೇರೆ. ಗುಡಿಸಿಗೂ ಒಂದು ಕಾಲಮ್, ಅಂದರೆ ಒಂದು ಚಿಹ್ನೆಯಷ್ಟು ಅಗಲ, ಲೆಕ್ಕ. ನಿಮ್ಮ ಶೀರ್ಷಿಕೆಯಲ್ಲಿ ಎರಡು ಗುಡಿಸು, ಒಂದು ಕೊಂಬು, ಒಂದು ಇಳಿ ಇವೆ. 10ಕ್ಕೆ ಈ 4 ಸೇರಿಸಿದರೆ 14 ಚಿಹ್ನೆ ಬೇಕು.

ಇನ್ಮೇಲೆ ಎಣಿಸಲೇ ಹೋಗಬೇಡಿ, ಸುಮ್ನೆ 40 ಹಾಕಿಬಿಡಿ. ಗೆರೆ ಜಾಸ್ತಿಯಾದರೆ ಅದು ಏನೂ ಅನ್ನುವುದಿಲ್ಲ.

ಟೇಬಲ್ಲಿಗೂ ಕಾರಣ ಇದೇ. ಎಡಿಟರಿನಲ್ಲಿ ಕಂಬಗಳು ನೆಟ್ಟಗೆ ಕಂಡರೂ ಅದರ ಲೆಕ್ಕದಲ್ಲಿ ಸರಿದಿರುತ್ತವೆ. ಅದನ್ನು ಕೈಯಲ್ಲಿ ಸರಿ ಮಾಡುತ್ತಾ ಕೂರುವುದು ವ್ಯರ್ಥ, ನಾನು ಒಂದು ಸಂಜೆ ಪೂರ್ತಿ ಹಾಗೆ ಕಳೆದಿದ್ದೇನೆ. ಟೇಬಲ್ಲನ್ನು ಪಟ್ಟಿಯಂತೆ ಬರೆಯುವ ಲಿಸ್ಟ್-ಟೇಬಲ್ ಬಳಸಿ. ಪ್ರತಿ ಸಾಲು ನಕ್ಷತ್ರ ಚಿಹ್ನೆಯಿಂದ ಶುರು, ಪ್ರತಿ ಖಾನೆಗೊಂದು ಅಡ್ಡಗೆರೆ. ಅಗಲದ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಎರಡೂ ಸರಿಹೋಯ್ತು, ತುಂಬಾ ಥ್ಯಾಂಕ್ಸ್! ಇನ್ನೊಂದು ಅನುಮಾನ. ವಿಭಾಗಗಳ ಲಿಂಕ್ ಕೊನೆಯಲ್ಲಿ ಐಡಿ1, ಐಡಿ2 ಅಂತಷ್ಟೇ ಇದೆ. ಇದು ಹೀಗೇನಾ?

ಉತ್ತರ

ಇದನ್ನು ಈಗಲೇ ಸರಿಮಾಡಿಕೊಳ್ಳಿ. ಲಿಂಕಿನ ಹೆಸರು ಮಾಡುವಾಗ ಡಾಕ್‌ಯುಟಿಲ್ಸ್ ಕನ್ನಡ ಅಕ್ಷರಗಳನ್ನು ಕೈಬಿಡುತ್ತದೆ. ಏನೂ ಉಳಿಯದಾಗ ಅಂಕಿ ಕೊಡುತ್ತದೆ. ನಾಳೆ ನಡುವೆ ಒಂದು ಶೀರ್ಷಿಕೆ ಸೇರಿಸಿದರೆ ಐಡಿ3 ಇದ್ದದ್ದು ಐಡಿ4 ಆಗಿಬಿಡುತ್ತದೆ. ಯಾರಿಗೋ ಕಳಿಸಿದ ಹಳೇ ಲಿಂಕ್ ಬೇರೆ ವಿಭಾಗಕ್ಕೆ ಹೋಗುತ್ತದೆ, ಅಲ್ವಾ?

ಪ್ರತಿ ಶೀರ್ಷಿಕೆಯ ಮೇಲೆ ಒಂದು ಲೇಬಲ್ ಬರೆಯಿರಿ: ಎರಡು ಚುಕ್ಕಿ, ಒಂದು ಸ್ಪೇಸ್, ಅಂಡರ್‌ಸ್ಕೋರ್, ಇಂಗ್ಲಿಷ್ ಲಿಪಿಯಲ್ಲಿ ಹೆಸರು, ಕೊನೆಗೆ ಕೋಲನ್. ಆಮೇಲೆ ಒಂದು ಖಾಲಿ ಸಾಲು ಬಿಟ್ಟು ಶೀರ್ಷಿಕೆ. ಬೇರೆ ಪುಟದಿಂದ ಆ ವಿಭಾಗಕ್ಕೆ ಲಿಂಕ್ ಕೊಡಲು, ಅದಕ್ಕೆಂದೇ ಸ್ಫಿಂಕ್ಸ್‌ನಲ್ಲಿರುವ ರೆಫ್ ರೋಲ್‌ಗೆ ಇದೇ ಹೆಸರು ಕೊಡಿ. ಮುಂದೆ ಶೀರ್ಷಿಕೆ ಬದಲಿಸಿದರೂ ಲಿಂಕ್ ಹಾಗೇ ಇರುತ್ತದೆ.