ಪ್ರೊಸೆಸ್ ಸತ್ತ ಮೇಲೂ ಮೆಮೊರಿ ವಾಪಸ್ ಬತ್ತಿಲ್ಲ (ಎಕ್ಸ್‌ವಿ6, ಪಾಠಕ್ಕೆ ಬಳಸೋ ಪುಟ್ಟ ಆಪರೇಟಿಂಗ್ ಸಿಸ್ಟಮ್)

ಮಂಡ್ಯಹೈದ: ತಲೆ ಕೆಟ್ಟು ಕೆರ ಹಿಡ್ದೋಗದೆ. ಫೋರ್ಕ್ ಮಾಡಿ (ತನ್ನದೇ ನಕಲು ಪ್ರೊಸೆಸ್ ಹುಟ್ಸಿ) ಎಕ್ಸಿಟ್ ಆಗೋ ಸಣ್ಣ ಪ್ರೋಗ್ರಾಂ ಲೂಪಲ್ಲಿ ಬುಟ್ರೆ ನಾನೂರು ಚಿಲ್ಲರೆ ಸುತ್ತಿಗೆ ಫೋರ್ಕ್ -1 (ಆಗಲ್ಲ ಅಂತ) ಕೊಡ್ತದೆ, ಫ್ರೀ ಲಿಸ್ಟ್ (ಬಳಸದೆ ಉಳ್ದಿರೋ ಮೆಮೊರಿ ಪಟ್ಟಿ) ಪೂರ್ತಿ ಖಾಲಿ. ಕೋಡ್ ಎಲ್ಲಾ ಸರಿಯಾಗೇ ಅದೆ.

ಒಂಟಿಕೊಪ್ಪಲ್: ಜೋಂಬಿ ಕಣ್ರೀ, ಸತ್ತರೂ ಇನ್ನೂ ಗುಡಿಸಿ ಹಾಕದ ಪ್ರೊಸೆಸ್. ಪ್ರೊಸೆಸ್ ತನ್ನದೆಲ್ಲಾ ತಾನೇ ಬಿಟ್ಟುಕೊಡೋಕಾಗಲ್ಲ, ಕೊನೇವರೆಗೂ ಕರ್ನಲ್ (ಓಎಸ್ ತಿರುಳು) ಒಳಗಿರೋ ಅದರ ಸ್ಟ್ಯಾಕ್ ಮೇಲೇ ಓಡ್ತಿರತ್ತಲ್ಲ, ಅದನ್ನ ಹುಟ್ಟಿಸಿದ ಪೇರೆಂಟ್ ವೇಟ್ ಕರೆದಾಗಲೇ ಫ್ರೀಪ್ರಾಕ್ (ಅದರ ಮೆಮೊರಿ ಬಿಡಿಸೋ ಫಂಕ್ಷನ್) ಆಗೋದು. ನೀವು ವೇಟ್ ಕರೀತಿಲ್ಲ.

ಮಂಡ್ಯಹೈದ: ಕರೀತಿದೀನಿ ಸಾರ್. ಕಂಟ್ರೋಲ್-ಪಿ ಹೊಡ್ದು ಪ್ರೊಸೆಸ್ ಪಟ್ಟಿ ನೋಡುದ್ರೆ ಜೋಂಬಿ ಒಂದೂ ಕಾಣಲ್ಲ.

ಒಂಟಿಕೊಪ್ಪಲ್: ಇನ್ನೊಂದ್ಸಲ ನೋಡಿ, ವೇಟ್ ಲೂಪ್ ಒಳಗಿದ್ಯಾ ಹೊರಗಿದ್ಯಾ? ಲಿನಕ್ಸಲ್ಲೂ ಜನ ಎಡವೋದು ಇಲ್ಲೇ.

ಕುಕ್ಕರಹಳ್ಳಿ: ಜೋಂಬಿ ಬಿಡಿ ಸಾರ್, ಪ್ರಾಕ್ ಟೇಬಲ್ಲಲ್ಲಿ (ಪ್ರೊಸೆಸ್ ಪಟ್ಟಿ) ಇರೋದೇ 64 ಜಾಗ, ಜೋಂಬಿ ಆಗಿದ್ರೆ ಅರವತ್ತರ ಹತ್ರಾನೇ ನಿಂತೋಗ್ತಿತ್ತು. ಅದು ಬಳಸೋ ಮೆಮೊರಿ 128 ಎಂಬಿ, ಅಂದ್ರೆ 4 ಕೆಬಿದು 32,768 ಪೇಜು, ನಿಮ್ಮ ನಾನೂರು ಚಿಲ್ಲರೆಯಿಂದ ಭಾಗಿಸಿ ನೋಡಿ, ಒಂದು ಪ್ರೊಸೆಸ್ಸಿಗೆ ಎಪ್ಪತ್ತರ ಆಸುಪಾಸು ಸೋರ್ತಿದೆ, ಅಷ್ಟು ಚಿಕ್ಕ ಪ್ರೋಗ್ರಾಂಗೆ ಅಷ್ಟು ಪೇಜೇ ಇರಲ್ಲ. ಕರ್ನಲ್ಲಲ್ಲಿ ಏನ್ ಬದಲಾಯಿಸಿದೀರಾ?

ಮಂಡ್ಯಹೈದ: ಪ್ರತಿ ಪ್ರೊಸೆಸ್ಸಿಗೂ ಬೇರೆ ಕರ್ನಲ್ ಪೇಜ್ ಟೇಬಲ್ (ಯಾವ ವಿಳಾಸ ಯಾವ ಮೆಮೊರಿಗೆ ಅಂತ ಹೇಳೋ ಪಟ್ಟಿ) ಹಾಕಿದೀನಿ, ಅದು ಎಲ್ಲರೂ ಮಾಡದೇ ಅಲ್ವಾ. ಆ ಟೇಬಲ್ ಬಿಡಿಸೋ ಫ್ರೀವಾಕ್ ಕರುದ್ರೆ 'ಫ್ರೀವಾಕ್: ಲೀಫ್' ಅಂತ ಪ್ಯಾನಿಕ್ ಆಗಿ ಕರ್ನಲ್ ನಿಂತೋಯ್ತಿತ್ತು, ಆ ಸಾಲು ಕಾಮೆಂಟ್ ಮಾಡಿ ಮಡಗಿದೀನಿ.

ಕೆಆರ್‌ಎಸ್_ಗೇಟ್: ಕ್ಯೂಎಂಯು (ಕಂಪ್ಯೂಟರ್ ಅನುಕರಿಸೋ ಸಾಫ್ಟ್‌ವೇರ್) ಬಿಟ್ಟು ನಿಜವಾದ ಬೋರ್ಡ್ ತಗೊಳ್ಳಿ, ನಂದು ರಿಸ್ಕ್-ವಿ ಪ್ರೊಸೆಸರ್, 8 ಜಿಬಿ, ಯುಪಿಎಸ್‌ಗೆ ಹಾಕಿದೀನಿ, ಕರೆಂಟ್ ಹೋದ್ರೂ ಅಲ್ಲಾಡಲ್ಲ.

ಒಂಟಿಕೊಪ್ಪಲ್: 8 ಜಿಬಿ ಇದ್ರೆ ಸೋರೋದು ನಿಲ್ಲತ್ತೇನ್ರೀ?

ಕುಕ್ಕರಹಳ್ಳಿ: ನೀವು ಕಾಮೆಂಟ್ ಮಾಡಿರೋ ಅದೇ ಸಾಲು. ಕರ್ನಲ್ ಟೇಬಲ್ಲು ಆ 128 ಎಂಬಿ ಪೂರ್ತಿ 4 ಕೆಬಿ ಪೇಜಲ್ಲಿ ಮ್ಯಾಪ್ ಮಾಡತ್ತೆ, ಕೊನೇ ಹಂತದ ಒಂದು ಟೇಬಲ್ಲಿಗೆ ಹಿಡಿಯೋದು 2 ಎಂಬಿ, ಅಲ್ಲಿಗೇ 64 ಪೇಜ್ ಆಯ್ತು. ಲೀಫ್ (ಕೊನೇ ಹಂತದ ಎಂಟ್ರಿ) ತೋರಿಸ್ತಿರೋದು ಎಲ್ಲರೂ ಹಂಚ್ಕೊಂಡಿರೋ ಮೆಮೊರಿ, ಅದನ್ನ ಕೆಫ್ರೀ ಮಾಡಿದ್ರೆ (ಫ್ರೀ ಲಿಸ್ಟಿಗೆ ವಾಪಸ್ ಬಿಟ್ರೆ) ಕರ್ನಲ್ಲೇ ಹೋಯ್ತು. ಬೇರೆ ಫಂಕ್ಷನ್ ಬರೀರಿ, ಆರ್, ಡಬ್ಲ್ಯೂ, ಎಕ್ಸ್ (ಓದೋ, ಬರೆಯೋ, ಓಡಿಸೋ ಅನುಮತಿ) ಬಿಟ್ ಯಾವ್ದಾದ್ರೂ ಇದ್ರೆ ಎಂಟ್ರಿ ಸೊನ್ನೆ ಮಾಡಿ ಮುಂದೆ ಹೋಗ್ಲಿ, ಇಲ್ದಿದ್ರೆ ಕೆಳಗಿಳಿದು ಟೇಬಲ್ ಪೇಜನ್ನ ಮಾತ್ರ ಬಿಡ್ಲಿ. ಕರ್ನಲ್ ಸ್ಟ್ಯಾಕನ್ನೂ ಪ್ರೊಸೆಸ್ಸಿಗೊಂದು ಅಂತ ಅಲೊಕೇಟ್ ಮಾಡಿದ್ರೆ ಅದನ್ನ ಮೊದಲು ಬಿಡಿಸ್ಕೊಳ್ಳಿ.

ಮಂಡ್ಯಹೈದ: ಸೋರದು ನಿಂತೋಯ್ತು ಅಣ್ಣ! ಆದ್ರೆ ಈಗ 3 ಸಿಪಿಯುಲಿ ಆಗಾಗ ಕರ್ನಲ್‌ಟ್ರ್ಯಾಪ್ ಪ್ಯಾನಿಕ್ಕು (ಕರ್ನಲ್ ಒಳಗೇ ತಪ್ಪು), ಒಂದೇ ಸಿಪಿಯು ಕೊಟ್ರೆ ಬರಲ್ಲ.

ಕುಕ್ಕರಹಳ್ಳಿ: ಶೆಡ್ಯೂಲರ್ (ಮುಂದೆ ಯಾವ ಪ್ರೊಸೆಸ್ ಓಡ್ಬೇಕು ಅಂತ ಆರಿಸೋ ಕೋಡ್) ನೋಡಿ. ಸತ್ತಿರೋ ಪ್ರೊಸೆಸ್ಸಿನ ಟೇಬಲ್ಲೇ ಎಸ್‌ಎಟಿಪಿಲಿ (ಸಿಪಿಯು ಈಗ ಬಳಸೋ ಪೇಜ್ ಟೇಬಲ್ ಹೇಳೋ ರಿಜಿಸ್ಟರ್) ಉಳಿದಿರತ್ತೆ, ಅಷ್ಟರಲ್ಲಿ ಇನ್ನೊಂದು ಸಿಪಿಯುಲಿ ಪೇರೆಂಟ್ ಬಂದು ಅದನ್ನ ಫ್ರೀ ಮಾಡ್ಬಿಡತ್ತೆ, ಕೆಫ್ರೀ ಆ ಪೇಜ್ ತುಂಬಾ 1 ತುಂಬತ್ತೆ. ಪ್ರೊಸೆಸ್ ಬದಲಿಸೋ ಸ್ವಿಚ್ಚಿಂದ ವಾಪಸ್ ಬಂದ ತಕ್ಷಣ ಮೂಲ ಕರ್ನಲ್ ಟೇಬಲ್ ಹಾಕಿ ಟಿಎಲ್‌ಬಿ (ಸಿಪಿಯು ನೆನಪಿಟ್ಕೊಂಡಿರೋ ಹಳೇ ಮ್ಯಾಪಿಂಗ್) ಫ್ಲಶ್ ಮಾಡಿ, ಆಮೇಲೆ ಆ ಪ್ರೊಸೆಸ್ಸಿನ ಲಾಕ್ ಬಿಡಿ.

ಒಂಟಿಕೊಪ್ಪಲ್: ಲಾಕ್ ಬಿಟ್ಟ ಮೇಲೆ ಹಾಕಿದ್ರೂ ನಡೆಯತ್ತೆ.

ಕುಕ್ಕರಹಳ್ಳಿ: ನಡೆಯಲ್ಲ ಸಾರ್, ವೇಟ್ ಕಾಯ್ತಿರೋದೇ ಆ ಲಾಕಿಗೆ.

ಕೆಆರ್‌ಎಸ್_ಗೇಟ್: ನನ್ ಬೋರ್ಡಲ್ಲಿ 4 ಕೋರ್ ಇದೆ, ಓಡಿಸಿ ನೋಡ್ಲಾ? ಕೋಡ್ ಎಲ್ ಹಾಕಿದೀರಾ?